ಪದಚರ್ಚೆ: ಪ್ರಿಂಟರಿನ ಕಪ್ಪಿಗೆ ‘ಮಸಿ’ ಎನ್ನಬಹುದೇ?

ಪದಮಿತ್ರರೆಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಮೂರು ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಆದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿರುವ ನಾವು ಏಳು ಜನ ಸೇರಿ ಒಂದು ಇಂಕ್‌ಜೆಟ್ ಪ್ರಿಂಟರ್, ಎಂದರೆ ಶಾಯಿಯ ಸಣ್ಣ ಹನಿಗಳನ್ನು ಕಾಗದಕ್ಕೆ ಚಿಮ್ಮಿಸಿ ಮುದ್ರಿಸುವಂಥದ್ದು, ಕೊಳ್ಳಬೇಕೆಂದಿದ್ದೇವೆ. ಎಲ್ಲರೂ ಕಪ್ಪು-ಬಿಳುಪು ಛಾಯಾಚಿತ್ರಕ್ಕೆ ಮನಸೋತವರು. ಯಾವ ಪ್ರಿಂಟರ್ ಆಗಬಹುದು, ಏಕೆ ಎಂಬುದನ್ನು ನಾಲ್ಕು ಪುಟಗಳಲ್ಲಿ ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಹಣ ಹಾಕುವವರಲ್ಲಿ ಇಬ್ಬರು ಸ್ಟುಡಿಯೋ ನಡೆಸುತ್ತಾರೆ, ಒಬ್ಬರು ಒಕ್ಕಲುತನ ಮಾಡುತ್ತಾರೆ, ಒಬ್ಬರು ನಿವೃತ್ತ ಶಿಕ್ಷಕಿ. ಚಿತ್ರ ತೆಗೆಯುವುದರಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಆದರೆ ಪ್ರಿಂಟರಿನ ಒಳಗೆ ನಡೆಯುವುದನ್ನು ಹೇಳಲು ಹೊರಟರೆ ನನಗೆ ಸಿಗುವುದು ಒಂದೋ ಕಂಪನಿಯ ಕೈಪಿಡಿಯ ಇಂಗ್ಲಿಷು, ಇಲ್ಲವೇ ಪಠ್ಯಪುಸ್ತಕದ ಸಂಸ್ಕೃತ.

ನನ್ನನ್ನು ಈ ಯೋಚನೆಗೆ ಹಚ್ಚಿದ್ದು ಲಕ್ಕುಂಡಿಯ ಒಂದು ಕಂಬ. ಅಲ್ಲಿಯ ಕಾಶಿವಿಶ್ವನಾಥ ಗುಡಿಯ ಕಂಬಗಳು ಬಳಪದ ಕಲ್ಲಿನವು, ತಿರುಗಣಿಗೆ ಕೊಟ್ಟು ಕಡೆದವು. ಕಂಬದ ಸುತ್ತ ಬಳೆ ತೊಡಿಸಿದಂತೆ ಸುತ್ತುಗಳಿವೆ. ಒಂದೊಂದು ಬಳೆಯ ಮೇಲೂ ಬೆರಳಗಲದೊಳಗೆ ಬೆಳಕು ಬಿಳುಪಿನಿಂದ ಹೊರಟು ಬೂದಾಗಿ, ಕಪ್ಪಾಗಿ ಅಡಗುತ್ತದೆ. ಆ ಚಿತ್ರವನ್ನು ಪರಿಚಯದ ಅಂಗಡಿಯೊಂದರಲ್ಲಿ ಆರು ಬಣ್ಣಗಳ ಪ್ರಿಂಟರಿನಲ್ಲಿ ತೆಗೆಸಿದೆ. ಬಾಗಿಲ ಬಳಿ ನೋಡಿದಾಗ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬಳೆಗಳ ಸಂದಿನಲ್ಲೆಲ್ಲ ಪಾಚಿ ಕಟ್ಟಿದಂತೆ ಹಸಿರು. ಕಡತದಲ್ಲಿ ಬಣ್ಣವೇ ಇರಲಿಲ್ಲ, ಹಸಿರು ಎಲ್ಲಿಂದ ಬಂತು? ಆ ಪ್ರಿಂಟರಿನಲ್ಲಿ ಕಪ್ಪು ಒಂದೇ, ಬೂದು ಇಲ್ಲ. ಬೂದು ಬೇಕಾದಾಗ ಅದು ನೀಲಿ, ಕೆನ್ನೇರಳೆ, ಹಳದಿಗಳನ್ನು ಕಪ್ಪಿನ ಜೊತೆ ಬೆರೆಸಿ ಒಪ್ಪಿಸುತ್ತದೆ. ಒಂದು ಬೆಳಕಿನಲ್ಲಿ ಸರಿತೂಗಿದ ಆ ಬೆರಕೆ ಇನ್ನೊಂದು ಬೆಳಕಿನಲ್ಲಿ ತೂಕ ತಪ್ಪುತ್ತದೆ. ನಮ್ಮ ಸ್ಟುಡಿಯೋದವರು ‘ಚಿತ್ರ ಹಸಿರು ಹೊಡೆಯುತ್ತಿದೆ’ ಎನ್ನುತ್ತಾರೆ. ಆ ‘ಹೊಡೆ’ ನನಗೆ ಬಹಳ ಇಷ್ಟ. ಬೇಡದ ಬಣ್ಣವೊಂದು ಕಣ್ಣಿಗೆ ಬಂದು ತಾಗುವುದನ್ನು ಅದಕ್ಕಿಂತ ಚುರುಕಾಗಿ ಹೇಳುವ ಮಾತು ನನಗಂತೂ ಹೊಳೆದಿಲ್ಲ. ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಈಗ ಮೊದಲ ಪ್ರಶ್ನೆ. ಇದೇ ಮುಖ್ಯವಾದದ್ದು.

ಇಂಕ್‌ಜೆಟ್ಟಿಗೆ ಹಾಕುವ ಬಣ್ಣದಲ್ಲಿ ಎರಡು ಜಾತಿ. ಒಂದು, ದ್ರವದಲ್ಲಿ ಪೂರ್ತಿ ಕರಗಿರುವಂಥದ್ದು, ಅದು ಡೈ. ಇನ್ನೊಂದು, ಕರಗದೆ ಅತಿ ಸಣ್ಣ ಕಣಗಳಾಗಿ ದ್ರವದಲ್ಲಿ ತೇಲುವಂಥದ್ದು, ಅದು ಪಿಗ್ಮೆಂಟ್. ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವುದನ್ನು ಕಂಡವರಿಗೆ ಮೊದಲನೆಯದು ಗೊತ್ತು: ಎಳೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಗೋಡೆಗೆ ಕೆಮ್ಮಣ್ಣು ಬಳಿದವರಿಗೆ ಎರಡನೆಯದು ಗೊತ್ತು: ಮಣ್ಣು ಮೇಲೆ ಕೂರುತ್ತದೆ. ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಎಷ್ಟೋ ಮನೆಬಳಕೆಯ ಪ್ರಿಂಟರುಗಳಲ್ಲಿ ಅಕ್ಷರದ ಕಪ್ಪು ಕಣದ ಜಾತಿಯದು, ಉಳಿದ ಬಣ್ಣಗಳು ಕರಗಿದ ಜಾತಿಯವು. ಸಾದಾ ಹಾಳೆಯ ಮೇಲೆ ಕೆಂಪು ತಲೆಬರಹ, ಕಪ್ಪು ಸಾಲುಗಳನ್ನು ಮುದ್ರಿಸಿ ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟೆ. ತಲೆಬರಹ ಕುಂಕುಮ ನೆನೆದಂತೆ ಹರಡಿತು, ಕಪ್ಪು ಸಾಲುಗಳು ಕದಲಲಿಲ್ಲ.

ಕಪ್ಪು-ಬಿಳುಪು ಚಿತ್ರ ತೆಗೆಯುವವರಿಗೆ ಈ ಭೇದ ದುಡ್ಡಿನ ಮಾತು. ಕರಗಿದ ಬಣ್ಣ ಹೊಳಪು ಕಾಗದದ ಮೇಲೆ ಬಲು ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕಿಗೂ ಗಾಳಿಗೂ ಬೇಗ ಮಾಸುತ್ತದೆ. ಕಣದ ಬಣ್ಣ ಗೋಡೆಯ ಮೇಲೆ ಹೆಚ್ಚು ಕಾಲ ಬಾಳುತ್ತದೆ. ಇದನ್ನು ತಿಳಿಯದೆ ಕೊಂಡವರು ನಮ್ಮಲ್ಲಿಯೇ ಇದ್ದಾರೆ.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಪಿಗ್ಮೆಂಟಿಗೆ ‘ವರ್ಣದ್ರವ್ಯ’ ಎಂದಿದೆ. ಕರಡಿನಲ್ಲಿ ನಾನೂ ಅದನ್ನೇ ಬರೆದೆ. ಓದಿದ ಒಕ್ಕಲಿಗ ಗೆಳೆಯರು, ‘ಹಾಗಾದರೆ ದ್ರವದ ಹಾಗೆ ಕರಗಿರುವುದು ಇದೇ ಅಲ್ಲವೇ?’ ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ‘ದ್ರವ್ಯ’ ಎಂದರೆ ಪದಾರ್ಥ, ಆದರೆ ಬಳಕೆಯ ಕಿವಿ ಅದರಲ್ಲಿ ಮೊದಲು ಕೇಳುವುದು ‘ದ್ರವ’ವನ್ನು. ಯಾವುದು ಕರಗುವುದಿಲ್ಲವೋ ಅದಕ್ಕೇ ಕರಗಿದ್ದರ ನೆನಪು ತರುವ ಹೆಸರು ಬಿದ್ದಂತಾಯಿತು. ನನ್ನ ಬರಹದ ಮಟ್ಟಿಗೆ ಆ ಪದವನ್ನು ಕೈಬಿಟ್ಟಿದ್ದೇನೆ.

ಅದರ ಬದಲು ನನ್ನ ಮನಸ್ಸು ವಾಲುತ್ತಿರುವುದು ‘ಮಸಿ’ಯ ಕಡೆಗೆ. ಪ್ರಿಂಟರಿನ ಕಣದ ಕಪ್ಪು ನಿಜಕ್ಕೂ ಇಂಗಾಲವೇ, ಎಂದರೆ ಅಚ್ಚುಕಟ್ಟಾಗಿ ಅರೆದ ಮಸಿಯೇ. ದೀಪದ ಹೊಗೆಯ ಮಸಿಗೆ ಅಂಟು ಸೇರಿಸಿ ಬರೆಯುತ್ತಿದ್ದ ಕಾಲದಿಂದ, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಓಲೆಗರಿಗೆ ಮಸಿ ತಿಕ್ಕಿ ಅಕ್ಷರ ಮೂಡಿಸುತ್ತಿದ್ದ ಕಾಲದಿಂದ, ಇಂದಿನ ಈ ಪೆಟ್ಟಿಗೆಯವರೆಗೆ ವಸ್ತು ಬದಲಾಗಿಲ್ಲ. ಪಾತ್ರೆಯ ತಳದ ಮಸಿಯನ್ನು ಬೆರಳಿನಿಂದ ಒರೆಸಿ ಕಾಗದಕ್ಕೆ ಒತ್ತಿದರೆ ಅದು ಮೇಲೆ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಪಿಗ್ಮೆಂಟ್ ಎಂದರೇನೆಂದು ಇದಕ್ಕಿಂತ ಸುಲಭವಾಗಿ ಹೇಳಲು ಸಾಧ್ಯವೇ? ‘ಮಸಿಕುಡಿಕೆ’ ಎಂಬ ಪದ ನಮ್ಮಲ್ಲಿ ಇದ್ದೇ ಇದೆ. ಮಸಿಯ ಹತ್ತಿರ ಇಂಕಿನ ಅರ್ಥವೂ ಇದೆ, ಕಾಡಿಗೆಯಂಥ ಕಣದ ಅರ್ಥವೂ ಇದೆ.

‘ಶಾಯಿ’ಯ ಹುಟ್ಟು ಬೇರೆ. ಪಾರಸಿಯ ‘ಸಿಯಾಹಿ’ ಎಂದರೆ ಕಪ್ಪುತನ. ಅದು ಮರಾಠಿಯ ‘ಶಾಈ’ಯಾಗಿ ನಮ್ಮಲ್ಲಿಯೂ ಬಳಕೆಗೆ ಬಂತು. ಹುಟ್ಟಿನಲ್ಲಿ ಕಪ್ಪೇ ಆದರೂ ಈಗ ಕೆಂಪು ಶಾಯಿ, ಹಸಿರು ಶಾಯಿ ಎಂದರೆ ಯಾರಿಗೂ ತೊಡಕಿಲ್ಲ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ, ಮೈಸೂರಿನಲ್ಲಿ ತಯಾರಾಗುವ ಶಾಯಿಯಲ್ಲಿ ಇರುವುದು ಬೆಳ್ಳಿಯ ನೈಟ್ರೇಟ್. ಬೆಳಕು ತಾಗಿದಂತೆ ಅದು ಕಪ್ಪಾಗುತ್ತದೆ. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದವರಿಗೆ ಬೆಳ್ಳಿಯ ಈ ಗುಣ ಹಳೆಯ ನೆಂಟಸ್ತಿಕೆ. ಅದನ್ನೂ ಶಾಯಿ ಎಂದೇ ಕರೆಯುತ್ತೇವೆ. ಹೀಗೆ ಶಾಯಿ ಎಂಬುದು ಎಲ್ಲವನ್ನೂ ಒಳಗೊಳ್ಳುವ ಪದವಾಗಿ ಬೆಳೆದುಬಿಟ್ಟಿದೆ. ಅದನ್ನು ಹಾಗೆಯೇ ಬಿಟ್ಟು, ಕಣದ ಕಪ್ಪಿಗೆ ಮಾತ್ರ ‘ಮಸಿ’ ಎಂದರೆ ಹೇಗೆ? ‘ಈ ಪ್ರಿಂಟರಿನ ಕಪ್ಪು ಮಸಿ, ಆ ಪ್ರಿಂಟರಿನದು ಬಣ್ಣದ ನೀರು’ ಎಂದರೆ ನಮ್ಮ ಏಳೂ ಜನರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ನಾನೇ ಹೇಳುತ್ತೇನೆ. ‘ಮಸಿ ಬಳಿಯುವುದು’ ಎಂದರೆ ಹೆಸರು ಕೆಡಿಸುವುದು. ಅದರಿಂದ ಪದಕ್ಕೆ ಕಳಂಕ ಅಂಟಿದೆ ಎನ್ನಬಹುದು. ಇದು ನನಗೆ ದೊಡ್ಡದೆನಿಸುವುದಿಲ್ಲ. ಮಸಿ ಒರೆಸುವ ಅರಿವೆ ಎಲ್ಲರ ಅಡುಗೆಮನೆಯಲ್ಲೂ ಇದೆ, ಯಾರೂ ಅದರಿಂದ ನಾಚುವುದಿಲ್ಲ. ಎರಡನೆಯದು ಗಟ್ಟಿಯಾದದ್ದು: ನೀಲಿ, ಹಳದಿ ಪಿಗ್ಮೆಂಟುಗಳೂ ಇವೆ, ಅವನ್ನು ಮಸಿ ಎನ್ನುವುದು ಹೇಗೆ? ‘ಪುಡಿಶಾಯಿ’ ಎನ್ನೋಣವೆಂದರೆ ಹಿರಿಯರಿಗೆ ಶಾಲೆಯ ದಿನಗಳ ಶಾಯಿಪುಡಿ, ಶಾಯಿಗುಳಿಗೆ ನೆನಪಾಗುತ್ತವೆ. ದೌತಿಯ ನೀರಿನಲ್ಲಿ ಕಲಕಿದರೆ ಅವು ಪೂರ್ತಿ ಕರಗುತ್ತಿದ್ದವು, ನಮಗೆ ಬೇಕಾದ ಅರ್ಥಕ್ಕೆ ತೀರ ವಿರುದ್ಧ. ‘ಕಣಶಾಯಿ’ ನನಗೆ ಸದ್ಯಕ್ಕೆ ತೋಚಿದ್ದು. ಇದಕ್ಕಿಂತ ಬಾಯಿಗೆ ಹೊಂದುವ ಪದ ನಿಮ್ಮಲ್ಲಿದ್ದರೆ ಕೊಡಿ.

ಎರಡನೆಯ ಪ್ರಶ್ನೆ ಬೂದಿನದು. ಕಪ್ಪು-ಬಿಳುಪು ಎಂದು ಕರೆದರೂ ಚಿತ್ರದ ಬದುಕೆಲ್ಲ ನಡುವಿನ ಬೂದಿನಲ್ಲಿದೆ. (ಕೆಲವರು ಕಪ್ಪು-ಬಿಳಿ ಎಂದು ಬರೆಯುತ್ತಾರೆ. ಕಪ್ಪು, ಬಿಳುಪು, ಕೆಂಪು ಒಂದೇ ಸಾಲಿನ ನಾಮಪದಗಳು. ಕರಿ, ಬಿಳಿ ಇನ್ನೊಂದು ಜೋಡಿ. ನನ್ನ ಕಿವಿಗೆ ಜೋಡಿ ಮುರಿಯದ ರೂಪವೇ ಹಿತ.) ಕಪ್ಪೊಂದರಿಂದಲೇ ತಿಳಿ ಆಕಾಶವನ್ನು ಮುದ್ರಿಸಹೊರಟರೆ ಹನಿಗಳು ದೂರ ದೂರ ಬಿದ್ದು ಕರಿ ಎಳ್ಳು ಹಚ್ಚಿದ ರೊಟ್ಟಿಯಂತೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಅದಕ್ಕೇ ಒಳ್ಳೆಯ ಪ್ರಿಂಟರುಗಳಲ್ಲಿ ತೆಳುವಾದ ಬೂದನ್ನು ಬೇರೆಯಾಗಿಯೇ ತುಂಬಿರುತ್ತಾರೆ. ನಾವು ಹೋಲಿಸುತ್ತಿರುವವುಗಳಲ್ಲಿ ಎಪ್ಸನ್ ಎಲ್8180ರಲ್ಲಿ ಆರು ಶಾಯಿ, ಅದರಲ್ಲಿ ಬೂದು ಒಂದು. ಕ್ಯಾನನ್ ಪ್ರೊ-200ರಲ್ಲಿ ಎಂಟು, ಬೂದು ಮತ್ತು ತಿಳಿಬೂದು ಎರಡೂ ಇವೆ, ಆದರೆ ಎಲ್ಲವೂ ಕರಗಿದ ಜಾತಿ. ಕ್ಯಾನನ್ ಪ್ರೊ-300 ಕಣದ್ದು, ಬೂದು ಒಂದೇ. ಎಪ್ಸನ್ ಪಿ700ರಲ್ಲಿ ಹತ್ತು, ಎಲ್ಲವೂ ಕಣದವು. ಹೊಳಪು ಕಾಗದಕ್ಕೆ ಒಂದು ಕಪ್ಪು, ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಒಂದು ಕಪ್ಪು, ಜೊತೆಗೆ ಬೂದು ಮತ್ತು ತಿಳಿಬೂದು. ಅದರ ಮೊದಲಿನ ಕೆಲವು ಮಾದರಿಗಳಲ್ಲಿ ಕಾಗದ ಬದಲಿಸಿದಾಗ ಒಂದು ಕಪ್ಪನ್ನು ಹೊರಹಾಕಿ ಇನ್ನೊಂದನ್ನು ತುಂಬಬೇಕಿತ್ತು, ಶಾಯಿ ಹಾಳಾಗುತ್ತಿತ್ತು. ಇದರಲ್ಲಿ ಎರಡಕ್ಕೂ ಬೇರೆ ಬೇರೆ ದಾರಿಯಿದೆ. ನನ್ನ ಒಲವು ಇದರ ಕಡೆಗೆ. ನಮ್ಮವರ ಜೇಬಿನ ಒಲವು ಎಲ್8180ರ ಕಡೆಗಿದೆ.

ಪದದ ತೊಡಕು ಇಲ್ಲಿದೆ: ಯಾವ ಬಣ್ಣವನ್ನೂ ಹೊಡೆಯದ ಬೂದಿಗೆ ಏನೆನ್ನಬೇಕು? ‘ತಟಸ್ಥ ಬೂದು’ ಎಂದರೆ ಜಗಳದಲ್ಲಿ ಯಾರ ಪಕ್ಷವನ್ನೂ ಹಿಡಿಯದವರ ನೆನಪು ಬರುತ್ತದೆ. ನಾನು ‘ಅಚ್ಚ ಬೂದು’ ಎಂದು ಬರೆದಿದ್ದೇನೆ, ಅಚ್ಚ ಕನ್ನಡ ಎಂಬಂತೆ. ಅದರ ಎರಡು ಬದಿಗೆ ‘ನಸುಗಂದು ಬೂದು’, ‘ನಸುನೀಲಿ ಬೂದು’. ಕೈಪಿಡಿಗಳನ್ನು ಅನುವಾದಿಸುವವರು ಬರೆಯುವ ‘ಬೆಚ್ಚನೆಯ’, ‘ತಣ್ಣನೆಯ’ ಬೂದು ನನಗೆ ಒಗ್ಗಲಿಲ್ಲ. ಬೂದಿ ಬೆಚ್ಚಗಿದೆ ಎಂದರೆ ನಮ್ಮಲ್ಲಿ ಒಲೆ ಇನ್ನೂ ಆರಿಲ್ಲ ಎಂದರ್ಥ.

ಉಳಿದ ಪದಗಳು ಅಷ್ಟು ಕಾಡಲಿಲ್ಲ. ನೋಜಲ್ ಎಂಬುದು ಔಷಧಿ ಹೊಡೆಯುವ ಪಂಪಿನಿಂದಾಗಿ ಹಾವೇರಿಯ ಹೊಲಗಳಲ್ಲೂ ಗೊತ್ತಿರುವ ಪದ. ವಾರಗಟ್ಟಲೆ ಮುದ್ರಿಸದಿದ್ದರೆ ಅದು ‘ಕಟ್ಟಿಕೊಳ್ಳುತ್ತದೆ’, ಮೂಗು ಕಟ್ಟಿದಂತೆ. ‘ಮುದ್ರಕ’ ಎಂದು ಯಂತ್ರವನ್ನು ಕರೆಯುವುದಿಲ್ಲ, ಪತ್ರಿಕೆಯ ಕೊನೆಯ ಸಾಲಿನಲ್ಲಿ ಮುದ್ರಕರು ಎಂದರೆ ಮನುಷ್ಯರು. ಪ್ರಿಂಟರ್ ಪ್ರಿಂಟರೇ ಆಗಿರಲಿ.

ಮೂರನೆಯದಕ್ಕೆ ನನ್ನಲ್ಲಿ ಪದವೇ ಇಲ್ಲ. ಬಾಗಿಲಲ್ಲಿ ಒಂದು ಬಣ್ಣ, ದೀಪದ ಕೆಳಗೆ ಇನ್ನೊಂದು ಬಣ್ಣ, ಆ ಲಕ್ಕುಂಡಿಯ ಕಂಬಕ್ಕೆ ಆದದ್ದು. ನಮ್ಮ ತಾಯಿ ಸೀರೆ ಕೊಳ್ಳುವಾಗ ಅಂಗಡಿಯ ದೀಪವನ್ನು ಎಂದೂ ನಂಬುತ್ತಿರಲಿಲ್ಲ. ಸೆರಗನ್ನು ತೋಳಿನ ಮೇಲೆ ಹಾಕಿಕೊಂಡು ಹೊಸ್ತಿಲ ತನಕ ನಡೆದು, ಬಿಸಿಲಿಗೆ ಹಿಡಿದು, ಮತ್ತೆ ಒಳಗೆ ಬಂದು ನೋಡಿಯೇ ಮಾತಾಡುತ್ತಿದ್ದರು. ಪ್ರಿಂಟ್ ಪರೀಕ್ಷಿಸುವ ಕ್ರಮವೂ ಇದೇ. ಇದಕ್ಕೆ ಹತ್ತಿರದ, ಆದರೆ ಬೇರೆಯದೇ ಆದ ಇನ್ನೊಂದು ದೋಷವಿದೆ: ಹೊಳಪು ಕಾಗದದ ಮೇಲೆ ಕೂತ ಕಣದ ಶಾಯಿಯನ್ನು ಓರೆಯಾಗಿ ಹಿಡಿದರೆ ಕಪ್ಪು ಭಾಗ ಕಂಚಿನಂತೆ ಮಿನುಗುತ್ತದೆ. ಅಲ್ಲಿ ಬದಲಾಗುವುದು ಬೆಳಕಲ್ಲ, ನೋಡುವ ಕೋನ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣವಾಗಿ ನೇಯ್ದ ಸೀರೆಯಲ್ಲಿ ಕಾಣುವುದು ಈ ಎರಡನೆಯದು. ಸೀರೆ ಅಂಗಡಿಯವರು ಅದನ್ನು ಡಬಲ್ ಶೇಡ್ ಎಂದುಬಿಡುತ್ತಾರೆ.

ಬೆಟಗೇರಿಯ ಅಥವಾ ಬೇರೆ ಯಾವುದೇ ಊರಿನ ನೇಕಾರ ಮನೆತನದವರು ಇಲ್ಲಿದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಓರೆಯಾಗಿ ನೋಡಿದಾಗ ಮಗ್ಗದ ಮೇಲೆಯೇ ಕಾಣುವ ಆ ಎರಡನೆಯ ಬಣ್ಣಕ್ಕೆ ಏನೆನ್ನುತ್ತಿದ್ದರು? ದೀಪದಲ್ಲಿ ಒಪ್ಪಿ, ಬಿಸಿಲಿಗೆ ತಂದಾಗ ಬೇರೆಯಾಗಿ ಕಂಡ ನೂಲಿಗೆ ಏನೆನ್ನುತ್ತಿದ್ದರು?