ಮಧುಗಿರಿ ಸೀಮೆಯ ಕಲ್ಲುಗಾಣಗಳು ಮತ್ತು ಗಾಣಿಗ ಮನೆತನಗಳು: ಚರಿತ್ರೆಯನ್ನು ಎಲ್ಲಿಂದ ಹುಡುಕಬೇಕು?

ಕೆರೆಯಂಗಳ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ನಮ್ಮ ಊರಿನಲ್ಲಿ, ಕೆರೆಯ ಏರಿಯ ಕೆಳಗಡೆ ಗದ್ದೆಬಯಲಿಗೆ ಸೇರಿದಂತೆ ಒಂದು ದೊಡ್ಡ ಕಲ್ಲುಗಾಣ ಅರ್ಧ ಹೂತುಕೊಂಡಿದೆ. ಅದಕ್ಕಿಂತ ಚಿಕ್ಕದಾದ ಇನ್ನೊಂದು ಗಾಣಿಗರ ಬೀದಿಯ ಒಂದು ಹಿತ್ತಿಲಿನಲ್ಲಿದ್ದು, ಈಗ ದನಗಳಿಗೆ ನೀರು ತುಂಬಿಡುವ ಬಾನಿಯಾಗಿದೆ. ಆ ಬೀದಿಯಲ್ಲಿ ಹಿಂದೆ ಹಲವು ಮನೆಗಳವರು ಎಣ್ಣೆ ತೆಗೆಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ; ಇಂದು ಅಲ್ಲಿ ಒಂದು ಗಾಣವೂ ಆಡುವುದಿಲ್ಲ. ರಸ್ತೆ ಅಗಲ ಮಾಡುವ ಮಾತು ಬಂದಿರುವುದರಿಂದ ಕೆರೆಯ ಬಳಿಯ ಕಲ್ಲು ಉಳಿಯುವುದೋ ಇಲ್ಲವೋ ಎಂಬ ಚಿಂತೆ ನನಗಿದೆ. ಎರಡು ಗಾಣಗಳೂ ಆ ಮನೆತನಗಳಿಗೇ ಸೇರಿದ್ದವೇ? ಅವರ ಚರಿತ್ರೆಯನ್ನು ಬರೆದಿಡಬೇಕೆಂದರೆ ಯಾವ ದಾಖಲೆಗಳನ್ನು ನೋಡಬೇಕು?

ಹಳೆಗಲ್ಲು:
ಮೊದಲು ಕಲ್ಲನ್ನೇ ಸರಿಯಾಗಿ ನೋಡಿ. ನಮ್ಮ ತುಮಕೂರು, ಕೋಲಾರದ ಕಡೆ ಊರ ಹೊರಗೆ ಸಿಗುವ ಎಲ್ಲ ಗಾಣಗಳೂ ಎಣ್ಣೆಯವಲ್ಲ. ಕೆರೆಯ ಕೆಳಗಿನ ನೀರಾವರಿ ಭೂಮಿಯಲ್ಲಿ ಕಬ್ಬು ಬೆಳೆಯುತ್ತಿದ್ದ ಕಾಲದಲ್ಲಿ, ಕಬ್ಬನ್ನು ತುಂಡು ತುಂಡಾಗಿ ಕತ್ತರಿಸಿ ಕಲ್ಲಿನ ಗಾಣದಲ್ಲಿ ಹಾಕಿ ರಸ ತೆಗೆಯುವ ಪದ್ಧತಿಯಿತ್ತು. ಮರದ ಉರುಳೆಗಳೂ ಬಳಿಕ ಕಬ್ಬಿಣದ ಉರುಳೆಗಳೂ ಬಂದ ಮೇಲೆ ಆ ಕಲ್ಲುಗಳು ಇದ್ದಲ್ಲಿಯೇ ಉಳಿದುಹೋದವು. ಅಂಥ ಗಾಣದ ಒರಳು ಅಗಲವಾಗಿರುತ್ತದೆ, ರಸ ಹೊರಕ್ಕೆ ಹರಿಯಲು ಪಕ್ಕದಲ್ಲಿ ಮೂತಿಯಂತೆ ಕಡೆದಿರುತ್ತಾರೆ, ಹತ್ತಿರದಲ್ಲಿ ಆಲೆಮನೆಯ ಒಲೆಯ ಬೂದಿ ಅಥವಾ ಸುಟ್ಟ ಮಣ್ಣು ಸಿಕ್ಕರೂ ಸಿಗಬಹುದು. ಎಣ್ಣೆಗಾಣದ ಗುಳಿ ಕಿರಿದು. ಒರಗಿಕೊಂಡು ಸುತ್ತುವ ಒನಕೆಯ ಉಜ್ಜಾಟದಿಂದ ಅದರ ಒಳಮೈ ಗಾಜಿನಷ್ಟು ನುಣುಪಾಗಿರುತ್ತದೆ. ತಳದಲ್ಲಿ ತೂತಿಲ್ಲವೆಂಬ ಒಂದೇ ಕಾರಣದಿಂದ ಅದು ಎಣ್ಣೆಯದಲ್ಲ ಎಂದು ತೀರ್ಮಾನಿಸಬೇಡಿ, ಏಕೆಂದರೆ ಕೆಲವು ಗಾಣಗಳಲ್ಲಿ ಎಣ್ಣೆಯನ್ನು ಬಟ್ಟೆ ಅದ್ದಿ ಹಿಂಡಿಯೇ ಮೇಲಕ್ಕೆ ತೆಗೆಯುತ್ತಿದ್ದರು. ಇವೆರಡೂ ಅಲ್ಲದೆ, ನೆಲದಲ್ಲಿ ದುಂಡಗೆ ಕಲ್ಲಿನ ಕಾಲುವೆಯನ್ನು ಕಟ್ಟಿ ಅದರಲ್ಲಿ ಎತ್ತಿನಿಂದ ಕಲ್ಲಿನ ಚಕ್ರವನ್ನು ಎಳೆಸುತ್ತಿದ್ದುದು ಗಾರೆ ಅರೆಯುವ ಗಾಣ. ಕೋಟೆ, ಗುಡಿ, ತೂಬು ಕಟ್ಟಿದ ಕಡೆಗಳಲ್ಲಿ ಅದು ಕಾಣಸಿಗುತ್ತದೆ.

ನೀವು ಹೇಳಿರುವ ಜಾಗವನ್ನು ನೋಡಿದರೆ ದೊಡ್ಡದು ಕಬ್ಬಿನ ಗಾಣವಾಗಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಅದನ್ನು ಗಾಣಿಗ ಮನೆತನಗಳ ಲೆಕ್ಕಕ್ಕೆ ಸೇರಿಸುವುದು ಸರಿಯಾಗದು. ಅದು ಗದ್ದೆಬಯಲಿನ ಒಕ್ಕಲುಗಳಿಗೆ ಸೇರಿದ ಚರಿತ್ರೆ.

ಹಿಪ್ಪೆಯೆಣ್ಣೆ:
ನಾನು ಶಿರಾ ಕಡೆಯ ಗಾಣಿಗರ ಮನೆಯವನು. ನಮ್ಮ ಅಜ್ಜನ ಕಾಲದವರೆಗೂ ಗಾಣ ಆಡಿದೆ, ಆದ್ದರಿಂದ ಮನೆಯಲ್ಲಿ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ರಾಗಿ ಹೊಲದ ಸಾಲುಗಳಲ್ಲಿ ಬೆಳೆದ ಹುಚ್ಚೆಳ್ಳನ್ನು ರೈತರೇ ಮೂಟೆ ಕಟ್ಟಿಕೊಂಡು ತರುತ್ತಿದ್ದರು. ಗಾಣಕ್ಕೆ ಕಾಳು ಹಾಕಿ, ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಭಾರಕ್ಕೆ ಕಲ್ಲು ಹೇರಿದ ಹಲಗೆಯ ಮೇಲೆ ಅಜ್ಜ ಕೂರುತ್ತಿದ್ದರು. ಅಜ್ಜಿ ಒರಳಿನ ಅಂಚಿಗೆ ಏರಿಬರುವ ಕಾಳನ್ನು ಕೈಯಿಂದ ಒಳಕ್ಕೆ ತಳ್ಳುತ್ತ, ಹದ ನೋಡಿ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಿದ್ದರು. ಆ ನೀರಿನ ಹದ ತಪ್ಪಿದರೆ ಎಣ್ಣೆ ಬಿಡುವುದಿಲ್ಲ, ಹಿಂಡಿಯೂ ಗಟ್ಟಿಯಾಗುವುದಿಲ್ಲ. ಆದ್ದರಿಂದ ಗಾಣದ ಕುಶಲತೆಯಲ್ಲಿ ಅರ್ಧ ಪಾಲು ಹೆಂಗಸರದು ಎಂದು ನಾನು ದೃಢವಾಗಿ ನಂಬುತ್ತೇನೆ. ನೀವು ಬರೆಯುವಾಗ ಅವರ ಹೆಸರುಗಳನ್ನು ದಯವಿಟ್ಟು ಬಿಡಬೇಡಿ. ಸೋಮವಾರ ಎತ್ತಿಗೆ ನೊಗ ಇಡುತ್ತಿರಲಿಲ್ಲ.

ಗಾಣ ನಿಂತದ್ದು ಒಂದೇ ಏಟಿಗೆ ಅಲ್ಲ. ದೀಪಕ್ಕೆ ಹೊಂಗೆ, ಹಿಪ್ಪೆ, ಹರಳೆಣ್ಣೆ ಬೇಕಾಗಿದ್ದಷ್ಟು ದಿನ ನಮ್ಮವರಿಗೆ ವರ್ಷವಿಡೀ ಕೆಲಸವಿತ್ತು. ಸೀಮೆಎಣ್ಣೆ ಬಂದ ಮೇಲೆ ಆ ಪಾಲು ಮೊದಲು ಹೋಯಿತು. ಆಮೇಲೆ ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲಿ ಕಡಲೆಕಾಯಿ ಹರಡಿತು, ಆದರೆ ಅದರ ರಾಶಿ ಪೇಟೆಯ ಎಣ್ಣೆ ಮಿಲ್ಲುಗಳಿಗೆ ಹೋಯಿತೇ ಹೊರತು ಹಳ್ಳಿಯ ಗಾಣಕ್ಕೆ ಬರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದರೂ ಹಳ್ಳಿಗಳಿಗೆ ಕರೆಂಟು ಬಂದದ್ದು ಎಷ್ಟೋ ದಶಕಗಳ ಮೇಲೆ. ಅದು ಬಂದೊಡನೆ ಉಳಿದಿದ್ದ ಗಾಣಗಳೂ ನಿಂತವು.

ಕಡತದ ಕೋಣೆ:
ದಾಖಲೆಗಳ ವಿಷಯಕ್ಕೆ ಬರುತ್ತೇನೆ. ಹಳೆಯ ಶಾಸನಗಳಲ್ಲಿ ಎಣ್ಣೆ ತೆಗೆಯುವವರನ್ನು ತೆಲ್ಲಿಗರೆಂದು ಕರೆದಿದೆ. ದೇವರ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಸೊಲಗೆ (ಹಳೆಯ ಅಳತೆ) ಎಣ್ಣೆಯೆಂದು ಬಿಟ್ಟುಕೊಟ್ಟ ದತ್ತಿಗಳೂ, ಗಾಣದೆರೆಯ ಉಲ್ಲೇಖಗಳೂ ಇವೆ. ಬಿ. ಎಲ್. ರೈಸ್ ಅವರು ಹೊರತಂದ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ (1904) ತುಮಕೂರು ಜಿಲ್ಲೆಯದು, 10ನೆಯದು (1905) ಕೋಲಾರದ್ದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನಗಳನ್ನೂ ಕೋಲಾರದ ಸಂಪುಟದಲ್ಲಿಯೇ ನೋಡಬೇಕು. ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮ ಊರನ್ನು ಹುಡುಕುವುದು ಕಷ್ಟವಲ್ಲ.

ಮೈಸೂರು ಸಂಸ್ಥಾನದಲ್ಲಿ ಮಗ್ಗ, ಅಂಗಡಿ, ಗಾಣಗಳ ಮೇಲೆ ಮೊಹತರ್ಫಾ ಎಂಬ ತೆರಿಗೆಯಿತ್ತು. ಅದರ ಲೆಕ್ಕಪತ್ರ ಸಿಕ್ಕಿದರೆ ಊರಿನ ಗಾಣಗಳ ಸಂಖ್ಯೆ ತಿಳಿಯಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಊರಿನ ಜಮೀನುಗಳ ಪಟ್ಟಿ) ಪ್ರತಿಗೆ ಅರ್ಜಿ ಹಾಕಿ. ನಮ್ಮ ಕಡೆ ಮನೆತನದ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಳ್ಳುವ ರೂಢಿ ಕಡಿಮೆಯಿರುವುದರಿಂದ ಕಾಗದದಲ್ಲಿ ತಂದೆಯ ಹೆಸರಷ್ಟೇ ಸಿಗುತ್ತದೆ, ಎರಡು ತಲೆಮಾರು ಹಿಂದಕ್ಕೆ ಹೋದೊಡನೆ ಎಳೆ ತಪ್ಪುತ್ತದೆ. ಅಲ್ಲಿ ನೆರವಿಗೆ ಬರುವವರು ಹೆಳವರು. ಸುಗ್ಗಿಯ ನಂತರ ಮನೆಮನೆಗೆ ಬಂದು ವಂಶಾವಳಿಯನ್ನು ಒಪ್ಪಿಸುವ ಹೆಳವರು ನಿಮ್ಮ ಗಾಣಿಗರ ಮನೆಗಳಿಗೂ ಬರುತ್ತಿದ್ದರೇ ಎಂದು ಕೇಳಿ; ಮೂಲ ಊರು ಯಾವುದು, ಯಾರ ಕಾಲದಲ್ಲಿ ಇಲ್ಲಿಗೆ ಬಂದರು ಎಂಬುದು ಕಡತಕ್ಕಿಂತ ಅವರ ಬಾಯಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಕೆರೆಯಂಗಳ:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೆರೆಯ ಬಳಿಯ ಕಲ್ಲಿಗೆ ಪಕ್ಕದಲ್ಲಿ ಮೂತಿ ಇರುವುದು ನಿಜ, ಹಿತ್ತಿಲಿನದಕ್ಕೆ ಇಲ್ಲ. ಪಂಚಾಯಿತಿಯವರು ದೊಡ್ಡದನ್ನು ಶಾಲೆಯ ಅಂಗಳಕ್ಕೆ ಸಾಗಿಸಲು ಒಪ್ಪಬಹುದು.

ಹಳೆಗಲ್ಲು:
ಸಾಗಿಸುವ ಮೊದಲು ಇದ್ದ ಜಾಗದಲ್ಲಿಯೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಅಳತೆ ಬರೆದುಕೊಂಡು, ತೂಬಿನಿಂದ ಎಷ್ಟು ದೂರವೆಂದು ಗುರುತಿಸಿಕೊಳ್ಳಿ. ಮಣ್ಣಿನಲ್ಲಿ ಹೂತ ಭಾಗವನ್ನು ಜೆಸಿಬಿಯಿಂದ ಕೀಳಿಸದೆ ಕೈಯಿಂದ ಬಿಡಿಸಿ, ಹೊರಮೈಯನ್ನು ನೀರಿನಿಂದಷ್ಟೇ ತೊಳೆದು ನೋಡಿ. ಗಾಣದ ಕಲ್ಲಿನ ಮೇಲೆಯೇ ಅದನ್ನು ಮಾಡಿಸಿಕೊಟ್ಟವರ ಹೆಸರು ಕೆತ್ತಿರುವುದುಂಟು.