ಊರಿನ ಮನೆ-ಬಾಣೆಯನ್ನು ಕೆಲವರು ಉಳಿಸಿಕೊಳ್ಳುವುದೇಕೆ, ಕೆಲವರು ಕೊಟ್ಟುಬಿಡುವುದೇಕೆ?

ಪ್ರಶ್ನೆ (ಮೈಸೂರಿನಿಂದ):
ಮಾನ್ಯರೇ, ನಮ್ಮದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಕೃಷಿ ಕುಟುಂಬ. ಹಳೆಯ ಮನೆಯಲ್ಲಿ ಈಗ ದೊಡ್ಡಪ್ಪನವರೊಬ್ಬರೇ ಇದ್ದಾರೆ. ಗದ್ದೆ ಪಾಳು ಬಿದ್ದಿದೆ, ಗದ್ದೆಗೆ ಸೇರಿದ ಎತ್ತರದ ಜಾಗವಾದ ಬಾಣೆಯಲ್ಲಿ ಕಾಫಿ ಮತ್ತು ಕರಿಮೆಣಸು ಇದೆ. ನೆರೆಯ ಕುಟುಂಬವೊಂದು ಎಲ್ಲವನ್ನೂ ಮಾರಿ ಪೇಟೆ ಸೇರಿತು. ಇನ್ನೊಂದು, ಆದಾಯ ನಮಗಿಂತ ಕಡಿಮೆಯಿದ್ದರೂ, ಸಾಲ ಮಾಡಿ ಮನೆಯ ಮಾಡು ಹೊಸದಾಗಿ ಹೊದಿಸಿತು. ಈ ವ್ಯತ್ಯಾಸಕ್ಕೆ ಕಾರಣ ಹಣವೇ, ಅಭಿಮಾನವೇ?

ಉತ್ತರ (ವಿರಾಜಪೇಟೆಯಿಂದ):
ಅಭಿಮಾನದ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ನಮ್ಮ ಕಡೆ ಎಷ್ಟೋ ಮನೆಗಳು ಉಳಿದಿರುವುದು ಪಹಣಿಯ ದೆಸೆಯಿಂದ ಎಂದೇ ನನ್ನ ಅಭಿಪ್ರಾಯ. ಜಮ್ಮಾ ಹಿಡುವಳಿ, ಎಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು, ಒಬ್ಬರದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಜೊತೆಗೆ ಪಾಲುದಾರರ ಹೆಸರುಗಳೂ, ಎಂದೋ ತೀರಿಕೊಂಡವರ ಹೆಸರುಗಳೂ ಒಂದೇ ಪಹಣಿಯಲ್ಲಿ ಕುಳಿತಿರುವಾಗ, ಪೌತಿ ಖಾತೆಯಾಗದೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬಾರದೆ), ಪೋಡಿಯಾಗದೆ (ಪಾಲು ಅಳೆದು ಬೇರೆಯಾಗದೆ), ಮಾರಬೇಕೆಂದವರಿಗೂ ಮಾರಲಾಗದು, ಸಾಲ ತೆಗೆದು ರಿಪೇರಿ ಮಾಡಿಸಬೇಕೆಂದವರಿಗೂ ಬ್ಯಾಂಕಿನ ಬಾಗಿಲು ತೆರೆಯದು. ಬಾಣೆಯು ಮೊದಲು ಗದ್ದೆಗೆ ಸೊಪ್ಪು, ಸೌದೆ, ಮೇವು ಒದಗಿಸಲೆಂದು ಕಂದಾಯವಿಲ್ಲದೆ ಬಿಟ್ಟ ಜಾಗ. ಅದರ ಹಕ್ಕಿನ ಪ್ರಶ್ನೆ ನ್ಯಾಯಾಲಯಗಳಲ್ಲಿ ಅಲೆದು, 2011ರ ಭೂಕಂದಾಯ ಕಾಯ್ದೆ ತಿದ್ದುಪಡಿಯ ನಂತರ ಒಂದು ದಾರಿಗೆ ಬಂದರೂ ಮನೆಯೊಳಗಿನ ಪಾಲಿನ ತಕರಾರು ಹಾಗೆಯೇ ಇದೆ. ಪ್ರತಿ ಪಾಲಿಗೂ ಬೇರೆ ಬೇರೆ ದಾಖಲೆ ಆಗಿರುವ ಕುಟುಂಬಕ್ಕಾದರೆ, 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಾದ ಮೇಲೆ, ಗಿರಾಕಿ ಬೇಗ ಸಿಗುತ್ತಾರೆ. (ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಗಾಗಿಯೇ ಕೊನೆಯ ತುಂಡನ್ನು ಬಿಡದವರನ್ನೂ ಕಂಡಿದ್ದೇನೆ.)

ಉತ್ತರ (ಮಡಿಕೇರಿ ತಾಲ್ಲೂಕಿನಿಂದ):
ನಾವು ಮನೆ ಬಿಟ್ಟವರು. 2018ರ ಆಗಸ್ಟ್‌ನಲ್ಲಿ ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಜರಿದು ಅಡುಗೆಮನೆಯವರೆಗೆ ಬಂತು. ಗೋಡೆಗಳು ನಿಂತಿದ್ದರೂ, ಪ್ರತಿ ಮಳೆಗಾಲದಲ್ಲಿ ರಾತ್ರಿಯಿಡೀ ಬರೆಯತ್ತ ಕಿವಿಗೊಟ್ಟು ಮಲಗಲು ನಮ್ಮಿಂದಾಗಲಿಲ್ಲ. ಆದರೆ ತೋಟವನ್ನು ಕೊಟ್ಟಿಲ್ಲ. ಕೊಯ್ಲಿನ ಕಾಲಕ್ಕೆ ಬಂದು, ಹಳೆಯ ಕಣದಲ್ಲೇ ಕಾಫಿ ಒಣಗಿಸಿ, ಚೀಲ ಕಟ್ಟಿಕೊಂಡು ಹಿಂತಿರುಗುತ್ತೇವೆ. ಆದ್ದರಿಂದ ಮನೆ ಬಿಡುವುದನ್ನೂ ಜಾಗ ಬಿಡುವುದನ್ನೂ ಒಂದೇ ಎಂದು ಎಣಿಸಬಾರದು.

ಉತ್ತರ (ಪೊನ್ನಂಪೇಟೆಯಿಂದ):
ಮೇಲಿನ ಸಹೋದರರು ಹೇಳಿದ ಪಹಣಿಯ ಮಾತು ನಿಜ, ಆದರೆ ಅದು ಮಾರಾಟವನ್ನು ತಡೆಯುತ್ತದೆಯೇ ಹೊರತು ಮನೆಯನ್ನು ಕಾಯುವುದಿಲ್ಲ. ಹಂಚು ಒಂದು ಜಾರಿದರೆ, ನೋಡುವವರಿಲ್ಲದ ಮನೆಯಲ್ಲಿ ಮಳೆನೀರು ಹಂಚಿನಡಿಯ ರೀಪಿನ ಮೇಲೆ ಇಳಿದು, ಅದನ್ನು ಹೊರುವ ಪಕ್ಕಾಸಿನ ತುದಿ ಕೊಳೆತು, ಗೆದ್ದಲು ಹತ್ತಿ, ಕೆಲವೇ ಮಳೆಗಾಲಗಳಲ್ಲಿ ಆ ಮೂಲೆಯೇ ಕೂರುತ್ತದೆ. ನಮ್ಮಲ್ಲಿ ಮನೆ ಉಳಿದಿರುವುದು ಗದ್ದೆ ಉಳಿದಿರುವುದರಿಂದ. ಆಳಿನ ಕೂಲಿಯನ್ನೂ ಆನೆಯ ಹಾವಳಿಯನ್ನೂ ಲೆಕ್ಕ ಹಾಕಿದರೆ ಭತ್ತದಲ್ಲಿ ಲಾಭವಿಲ್ಲ. ಹೀಗಿದ್ದೂ ಮನೆಮುಂದಿನ ಒಂದು ಮಡಿಯನ್ನು ನಾಟಿ ಮಾಡುತ್ತೇವೆ, ಏಕೆಂದರೆ ಸುಗ್ಗಿಯ ಹಬ್ಬವಾದ ಪುತ್ತರಿಗೆ ಕದಿರು (ಭತ್ತದ ತೆನೆ) ತೆಗೆಯಲು ಒಕ್ಕದವರೆಲ್ಲ ಬರಲೇಬೇಕು, ಬಂದವರು ಮಾಡನ್ನು ನೋಡಲೇಬೇಕು, ಮರುದಿನ ರಿಪೇರಿಯ ಹಣದ ಮಾತು ಏಳಲೇಬೇಕು. ತಾವು ಹೇಳಿದ, ಸಾಲ ಮಾಡಿದ ಆ ಕುಟುಂಬದ ಗದ್ದೆ ಈಗಲೂ ಹಸಿರಾಗಿದೆಯೇ ಎಂದು ವಿಚಾರಿಸಿ. ದೊಡ್ಡಪ್ಪನವರು ಇರುವಾಗಲೇ ವಂಶವೃಕ್ಷ ಬರೆಸಿ, ಪೌತಿ ಖಾತೆಗೆ ಅರ್ಜಿ ಕೊಡಿ. ಯಾವ ಹೆಸರಿನವರು ಯಾರ ಮಕ್ಕಳು ಎಂಬುದು ಈಗ ಅವರಿಗೆ ಮಾತ್ರ ಗೊತ್ತಿರಬಹುದು.