ಮಗಗ ಗಂಡಸ್ತನದ ಹುಚ್ಚು ಹಿಡದೈತಿ, ನೀವೆಲ್ಲ ಏನ್ ಮಾಡಿದ್ರಿ?

ಕೇಳಿದವರು, ಹುಬ್ಬಳ್ಳಿ:
ಮಗಗ 16, ತೂಕ 54 ಕೆಜಿ. ಗಂಡಸಂದ್ರ ರಟ್ಟಿ, ಗಡ್ಡ, ಬೈಕು ಅಂತ ತಲಿಯಾಗ ಹೊಕ್ಕೈತಿ. ಬ್ಯಾಗಿನ್ಯಾಗ ಜಿಮ್ಮಿನ ಗುಳಿಗಿ ಸಿಕ್ಕಾವು. ಗಡ್ಡಕ್ಕ ಔಷಧ ಹಚ್ಚತಾನ. ಉಂಡ ತಾಟು ಎತ್ತಂಗಿಲ್ಲ, ಹೆಂಗಸರ ಕೆಲಸ ಅಂತಾನ. ದಾರಿ ಹೇಳ್ರಿ.

ಮಟ್ಟಿಮಣ್ಣು, ಧಾರವಾಡ:
ಜಿಮ್ ಬಿಡಿಸಿ ಗರಡಿಗೆ ಹಾಕ್ರಿ. ನಾವು ಹಾಕೇವಿ, ಸರಿನ ಮಾಡೇವಿ. 20 ದಂಡ, 40 ಬೈಠಕಿನಿಂದ ಶುರು, ವಾರಕ್ಕ ಐದೈದು ಏರಸೋದು. ಒಮ್ಮೆಲೆ ನೂರು ಹೊಡೆಸಿದ್ರ ಮೊಣಕಾಲು ಹಿಡೀತಾವು, 3 ವಾರ ಮನ್ಯಾಗ ಕುಂಡ್ರಬೇಕು. ಪ್ರೋಟೀನ್ ಕೆಜಿಗೆ 1.2ರಿಂದ 1.6 ಗ್ರಾಂ, ಅಂದ್ರ 54 ಕೆಜಿಗೆ 65ರಿಂದ 86. ನಾಕು ತತ್ತಿ 24, ಅರ್ಧ ಲೀಟರ್ ಹಾಲು 16, ಶೇಂಗಾ 50 ಗ್ರಾಂ ತಿಂದ್ರ 12, ಉಳಿದದ್ದು ಬ್ಯಾಳಿ, ಮಡಕಿಕಾಳು, ಜ್ವಾಳದ ರೊಟ್ಟಿ. 3,400 ಕೊಟ್ಟು ತಂದ ಪೌಡರ್ ಡಬ್ಬಿ ಬರೇ ದಂಡ. ಮತ್ತ ಧಾತು ಉಳಿಸಿಕೊಳ್ಳಾಕ ಹೇಳ್ರಿ, ಗಂಡಸಿನ ಬಲ ಅದರಾಗ ಐತಿ.

ಔಷಧಂಗಡಿ, ಗದಗ:
ಕಡೀ ಸಾಲು ಓದಿ ತಲಿ ಕೆಟ್ಟತು. ವೀರ್ಯ ದಿನಾ ಹೊಸದು ಹುಟ್ಟತದ, ಹೋದ್ರ ಬಲ ಹೋಗಂಗಿಲ್ಲ. ಈ ಹೆದರಿಕಿ ಮ್ಯಾಲೆನ ಗೋಡಿಗೆ "ಗುಪ್ತರೋಗ" ಬರೆಸಿದವರು ರೊಕ್ಕ ಎಣಸೋದು.
ಅಕ್ಕಾರ, ಗುಳಿಗಿ ಹೆಸರು ಓದ್ರಿ. ಸ್ಟಾನೊಝೊಲಾಲ್, ಮೆಥಾಂಡಿಯೆನೋನ್ ಇದ್ರ ರಟ್ಟಿ ಬೆಳೆಸೋ ಸ್ಟೆರಾಯ್ಡು. ಹೊರಗಿಂದ ಬಂದ್ರ ಮೈಯಾಗಿನ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ತಯಾರಾಗೋದು ನಿಲ್ಲತದ, ವೃಷಣ ಸಣ್ಣಾಗತಾವು, ಮೊಡವಿ ಏಳತಾವು. ಈ ವಯಸ್ಸಿನ್ಯಾಗ ಎಲುಬಿನ ತುದಿ ಲಗೂನ ಕೂಡಿ ಎತ್ತರನೂ ಅಲ್ಲಿಗೇ ಖಲಾಸ್. ಡಾಕ್ಟರ್‌ಗೆ ತೋರಿಸೇ ಬಿಡಸ್ರಿ, ಬಿಟ್ಟ ಮ್ಯಾಲ ಮನಸ್ಸು ಕುಸೀತದ. ಮನಸ್ಸಿನ ತ್ರಾಸಕ್ಕ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416, ರೊಕ್ಕ ಇಲ್ಲ.
ರಕ್ತ ಮುಂಜಾನೆ 10ರೊಳಗ ಕೊಡಬೇಕು: ಟೆಸ್ಟೋಸ್ಟೆರಾನ್, ವೃಷಣಕ್ಕ ಕೆಲಸ ಹೇಳೋ ಹಾರ್ಮೋನು ಎಲ್‌ಎಚ್, ಎಫ್‌ಎಸ್‌ಎಚ್, ಮತ್ತ ಲಿವರ್. ಮಧ್ಯಾಹ್ನ ಕೊಟ್ಟ 900 ರೂಪಾಯಿ ನೀರಾಗ ಹೋತು. ಮೊದಲೊಂದು ವಾರ ಭಾರ ಎತ್ತಬಾರದು, ಸ್ನಾಯು ನೊಂದ್ರೂ ಲಿವರ್ ಪರೀಕ್ಷೆಯಾಗಿನ ಎಸ್‌ಜಿಪಿಟಿ ಏರತದ. ಅದಕ್ಕ ಎರಡನೇ ಸಲ ಪರೀಕ್ಷೆ, ಮತ್ತ 650 ರೂಪಾಯಿ.

ರೊಟ್ಟಿ ಅಕ್ಕ, ಹಾವೇರಿ:
ಗಡ್ಡದ ಔಷಧ ಅಂದ್ರ ಮಿನಾಕ್ಸಿಡಿಲ್ 5 ಪರ್ಸೆಂಟ್ ಇರಬೇಕು. 18ರೊಳಗಿನವರಿಗಲ್ಲ. ಎದಿ ಡವಡವ ಅಂತದ, ಬಿಟ್ರ ಬಂದ ಕೂದಲಾನೂ ಉದರಬಹುದು. ನಾಕು ಬಾಟ್ಲಿ, 2,800 ರೂಪಾಯಿ, ಮೋರಿಗೆ. ಮನ್ಯಾಗ ಬೆಕ್ಕಿದ್ರ ಇನ್ನೂ ಹುಷಾರ, ನೆಕ್ಕಿದ್ರ ಸಾಯ್ತದ. ಬೋಳಿಸಿದ್ರ ದಟ್ಟ ಬರಂಗಿಲ್ಲ, ತುದಿ ಮೊಂಡಾಗಿ ಹಂಗ ಕಾಣಸ್ತದ ಅಷ್ಟ.
ಅಡಿಗಿಮನಿಗೆ ಪ್ರೋಟೀನ್ ಹೆಸರಲೇ ಎಳೀರಿ. ತತ್ತಿ ಅವನ ಕುದಸಲಿ, 10 ನಿಮಿಷ. ಸೋಯಾ ಚಂಕ್ಸ್ 50 ಗ್ರಾಂ, ಬಿಸಿನೀರಾಗ 10 ನಿಮಿಷ ನೆನೆಸಿ ಎರಡು ಸಲ ಹಿಂಡಿದ್ರ ವಾಸನಿ ಹೋಗತದ. ಪ್ರೋಟೀನ್ 26 ಗ್ರಾಂ ಆತು.

ದಂಡ ಕಟ್ಟಿದವ, ನವನಗರ:
ಬೈಕ್ ಕೊಡಬ್ಯಾಡ್ರಿ. ಮೋಟಾರು ವಾಹನ ಕಾಯ್ದೆ ಕಲಂ 199ಎ: ದಂಡ 25,000, ಅಪ್ಪ ಇಲ್ಲಾ ಅವ್ವಗ 3 ವರ್ಷದ ತನಕ ಜೈಲು ಆಗಬಹುದು, ಗಾಡಿ ನೋಂದಣಿ 12 ತಿಂಗಳು ರದ್ದು, ಹುಡುಗಗ 25ರ ತನಕ ಲೈಸನ್ಸ್ ಇಲ್ಲ. ವಕೀಲರ ಫೀ ಬ್ಯಾರೆ.

ಮಟ್ಟಿಮಣ್ಣು, ಧಾರವಾಡ:
16ಕ್ಕ ಲೈಸನ್ಸ್ ಬರತೈತಿ. ಸುಮ್ಮನ ಹೆದರಸಬ್ಯಾಡ್ರಿ.

ದಂಡ ಕಟ್ಟಿದವ, ನವನಗರ:
ಗೇರ್ ಇಲ್ಲದ 50 ಸಿಸಿ ಒಳಗಿನದಕ್ಕ ಬರತದ. ನಿಮ್ಮ ಓಣ್ಯಾಗಿನ ಸ್ಕೂಟರ್ 110. ಓದಿ ಬರೀರಿ.

ಮಟ್ಟಿಮಣ್ಣು, ಧಾರವಾಡ:
ಮತ್ತ ಹಾವೇರಿ ಅಕ್ಕಾರ, ಸೋಯಾ ತಿಂದ್ರ ಹುಡುಗ ಹೆಣ್ಣಾಗತಾನ.

ಔಷಧಂಗಡಿ, ಗದಗ:
2010ರಾಗೂ 2021ರಾಗೂ ಹಳೇ ಅಧ್ಯಯನ ಎಲ್ಲಾ ಕೂಡಿಸಿ ನೋಡ್ಯಾರ, ಗಂಡಸರ ಟೆಸ್ಟೋಸ್ಟೆರಾನ್ ಇಳಿದಿಲ್ಲ.

ಕೇಳಿದವರು, ಹುಬ್ಬಳ್ಳಿ:
ಗುಳಿಗಿ ಡಬ್ಬಿ ಮ್ಯಾಲ ಹೆಸರ ಇಲ್ರೀ. ಬರೇ ಬಿಳಿ ಡಬ್ಬಿ.

ಔಷಧಂಗಡಿ, ಗದಗ:
ಒಗೀಬ್ಯಾಡ್ರಿ. ಡಬ್ಬಿ ಸಮೇತ ಡಾಕ್ಟರ್ ಕಡೆ ಒಯ್ಯಿರಿ, ನಾಳೆನ.

ರೊಟ್ಟಿ ಅಕ್ಕ, ಹಾವೇರಿ:
ಮಟ್ಟಿಮಣ್ಣು ಅಣ್ಣಾರ, ನೀವು ಉಂಡ ತಾಟು ಯಾರು ತೊಳೀತಾರ?

ಮಟ್ಟಿಮಣ್ಣು, ಧಾರವಾಡ:
ಅದೆಲ್ಲಿ ಬಂತ್ರೀ ನಡುವ? ಸೋಯಾದ ಮಾತು ನಡದೈತಿ.